ಖಣದ ಮೇಲಿಟ್ಟ ಧ್ವನಿ

ತೆಲುಗು ಸೀಮೆಯ ಕುಷಾಯಿಗೂಡದ ನರಹರಿರಾಯರ ಮನೆಯಲ್ಲಿ ವೈಫೈ ಡಬ್ಬಿ ಇದ್ದದ್ದು ದೇವರ ಕೋಣೆಯಲ್ಲಿ. ಬಂದವರು ನೋಡಿ ನಗುತ್ತಿದ್ದರು. ರಾಯರು ತಾವೂ ನಗುತ್ತ ಕಾರಣ ಹೇಳುತ್ತಿದ್ದರು. ಆ ಮನೆಗೆ ಅದೇ ನಡುಮಧ್ಯ. ಅಡುಗೆಮನೆ, ಪಡಸಾಲೆ, ಮಲಗುವ ಕೋಣೆ ಎಲ್ಲಕ್ಕೂ ಅಲ್ಲಿಂದಲೇ ಹತ್ತಿರ. "ದೇವರು ಮನಿಗೆಲ್ಲ ಮುಟ್ಟೋದು ಇಲ್ಲಿಂದನ. ಇಂಟರ್ನೆಟ್ಟೂ ಇಲ್ಲಿಂದನ ಮುಟ್ಟಲಿ ಬಿಡ್ರಿ" ಎನ್ನುತ್ತಿದ್ದರು.

ಮಂಟಪದ ಪಕ್ಕದ ಗೋಡೆಗೂಡಿನಲ್ಲಿ ಎರಡು ಹಲಗೆಗಳಿದ್ದವು. ಮೇಲಿನ ಹಲಗೆಯಲ್ಲಿ ಕೊಂಬು ಎತ್ತಿಕೊಂಡ ರೂಟರ್, ಕೆಳಗಿನದರಲ್ಲಿ ಅಂಗೈಯಗಲದ ಕಪ್ಪು ಹಾರ್ಡ್ ಡಿಸ್ಕ್, ನಡುವೆ ಒಂದು ಗಿಡ್ಡ ಕೇಬಲ್. ಆ ಡಿಸ್ಕಿನಲ್ಲಿ ಏನು ಹಾಕಿಟ್ಟರೂ ಅದು ಪಡಸಾಲೆಯ ಟಿವಿಯಲ್ಲಿ, ಫೋನಿನಲ್ಲಿ, ಮಗಳ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಿತ್ತು. ರಾಯರು ಅದಕ್ಕೆ 'ಮನೆ' ಎಂದು ಹೆಸರಿಟ್ಟಿದ್ದರು. ಟಿವಿ ಹಚ್ಚಿದರೆ ಮೂಲೆಯಲ್ಲಿ ಆ ಹೆಸರು ಕಾಣುತ್ತಿತ್ತು.

ಡಿಸ್ಕನ್ನು ಅಲ್ಲಿ ಇಟ್ಟ ದಿನ ರಾಯರ ಹೆಂಡತಿ ನೀಲಾಬಾಯಿ ಅದನ್ನೆತ್ತಿ, ಅದರ ಕೆಳಗೆ ಹಸಿರು ಕುಪ್ಪಸದ ಖಣವೊಂದನ್ನು ಮಡಚಿ ಹಾಸಿದಳು. ಆಕೆಯ ತವರು ಗುಳೇದಗುಡ್ಡ, ಮಗ್ಗದ ಸದ್ದಿನ ಓಣಿ. ಖಣಗಳು ಆಕೆಯ ಪೆಟ್ಟಿಗೆಯಲ್ಲಿ ಎಂದೂ ತೀರಿದ್ದಿಲ್ಲ. ದೇವರ ಕೋಣೆಯಲ್ಲಿ ಯಾವ ವಸ್ತುವನ್ನೂ ಬರೀ ಹಲಗೆಯ ಮೇಲೆ ಇಡಬಾರದೆಂದು ತಾಯಿ ಹೇಳಿಕೊಟ್ಟಿದ್ದಳು. ಗಂಟೆಗೂ ಬಟ್ಟೆ, ಶಂಖಕ್ಕೂ ಬಟ್ಟೆ.

"ಇದಕ್ಕೂ ಉಡಿ ತುಂಬಿದೇನು?" ಎಂದು ರಾಯರು ಕೇಳಿದ್ದರು.

"ನಡುಗ್ತದ ಅದು, ಕೈ ಇಟ್ಟು ನೋಡ್ರಿ. ಕೆಳಗ ಮೆತ್ತಗಿದ್ರ ಛಲೋ" ಎಂದಿದ್ದಳು ನೀಲಾಬಾಯಿ.

ರಾಯರಿಗೆ ದೇವರು ಕೊಟ್ಟ ಆಸ್ತಿಯೆಂದರೆ ಧ್ವನಿ. ಅವರು ಕೆಲಸ ಮಾಡಿದ್ದು ಅಲ್ಲೇ ಹತ್ತಿರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ, ಪರೀಕ್ಷೆಯ ವಿಭಾಗದಲ್ಲಿ. ಆ ತುದಿಯವರನ್ನು ಈ ತುದಿಯಿಂದ ಕರೆಯಲು ಅವರಿಗೆ ಫೋನು ಬೇಕಿರಲಿಲ್ಲ. ಕನ್ನಡ ಕುಟುಂಬಗಳು ನವೆಂಬರಿನಲ್ಲಿ ಸೇರುವ ಸಭೆಯಲ್ಲಿ ಮೈಕು ಕೆಟ್ಟರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವರು ಬಚ್ಚಲಿನಿಂದ "ನೀಲಾ, ಟವೆಲ್ಲು" ಎಂದು ಕೂಗಿದಾಗ ಪಕ್ಕದ ಮನೆಯ ತೆಲುಗಿನಾಕೆ ಏನೋ ಅನಾಹುತವಾಯಿತೆಂದು ಓಡಿ ಬಂದಿದ್ದಳು. ಇವರು ಸಿಟ್ಟಿನ ಮನುಷ್ಯರೇನೋ ಎಂದು ಹೊಸ ಹೆಂಡತಿ ಎಷ್ಟೋ ದಿನ ಅಂಜಿಕೊಂಡೇ ಇದ್ದಳು. ಸಿಟ್ಟು ಬಂದರೆ ಅವರು ಮೆತ್ತಗೆ ಮಾತಾಡುತ್ತಾರೆಂಬುದು ಆಮೇಲೆ ತಿಳಿಯಿತು.

ಮನೆಯಲ್ಲಿ ಮಾತು ಅವರದು, ಕೇಳುವುದು ಆಕೆಯದು. ಅದರಲ್ಲಿ ನೀಲಾಬಾಯಿಗೆ ಕೊರತೆಯೇನೂ ಕಾಣಲಿಲ್ಲ. ಹೂಬತ್ತಿ ಹೊಸೆಯುತ್ತ, ಸೊಪ್ಪು ಬಿಡಿಸುತ್ತ, ಕೇಳುತ್ತ ಕೇಳುತ್ತಲೇ ಊರು ಪರಿಚಯವಾಯಿತು, ತೆಲುಗು ಬಂತು, ಮಗಳು ಚಿನ್ಮಯಿ ಹುಟ್ಟಿ ದೊಡ್ಡವಳಾಗಿ ಮದುವೆಯಾಗಿ ಊರಿನ ಇನ್ನೊಂದು ತುದಿಯ ಕೊಂಡಾಪುರಕ್ಕೆ ಹೋದಳು.

ನಿವೃತ್ತಿಯಾದ ಮೇಲೆ ರಾಯರ ಗಂಟಲು ಕೆಟ್ಟಿತು. ಮೊದಲು ಥಂಡಿ ಎಂದರು, ಆಮೇಲೆ ಧೂಳು ಎಂದರು. ದೊಡ್ಡ ಡಾಕ್ಟರು ಗಂಟಲೊಳಗೆ ಕೊಳವೆ ಇಳಿಸಿ ನೋಡಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯಬೇಕಾದರೆ ಬೇರೆ ದಾರಿಯಿಲ್ಲ ಎಂದರು.

ಮರುದಿನದಿಂದ ಬೆಳಗಿನ ಹೊತ್ತು ದೇವರ ಕೋಣೆಯ ಬಾಗಿಲು ಅರ್ಧ ಮುಚ್ಚಿಕೊಂಡು, ಫೋನನ್ನು ಮಣೆಯ ಮೇಲಿಟ್ಟು, ಧ್ವನಿ ಹಿಡಿದಿಡಲು ಕುಳಿತರು. ದಿನಾ ಹೇಳುವ ಸ್ತೋತ್ರಗಳು, ಪೂಜೆಯ ಕ್ರಮ, ಹಿರಿಯರ ಹೆಸರುಗಳು, ಬಾಗಲಕೋಟೆಯ ಹಳೆಯ ಮನೆಯಲ್ಲಿ ಹಬ್ಬ ಮಾಡುತ್ತಿದ್ದ ಬಗೆ. ಧ್ವನಿ ಆಗಲೇ ಅಂಚಿನಲ್ಲಿ ಒಡೆದಿತ್ತು, ಆದರೂ ಅವರದೇ. ಒಂದು ದಿನ ನಡುವೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. "ನೀಲಾ, ಕುಕ್ಕರ್ ಆರಿಸು. ನನಗಿಂತ ಅದರ ಮಂತ್ರನ ಜೋರಾತು" ಎಂದರು. ಅದೂ ಅದರಲ್ಲೇ ಸೇರಿಕೊಂಡಿತು. ಅಳಿಸಿ ಮತ್ತೆ ಹೇಳಿ ಎಂದಳು ನೀಲಾಬಾಯಿ. ಇರಲಿ ಬಿಡು ಎಂದರು.

ಎಲ್ಲವನ್ನೂ ಫೋನಿನಿಂದ ಡಿಸ್ಕಿಗೆ ಸಾಗಿಸಿ, ಫೋನನ್ನು ಖಾಲಿ ಮಾಡಿದರು. "ಫೋನ್ ಕಳೀತದ, ಒಡೀತದ. ಇದು ದೇವರ ಹತ್ರ ಅದ. ಎಲ್ಲಿ ಹೋಗ್ತದ?"

ಶಸ್ತ್ರಕ್ರಿಯೆ ಆಯಿತು. ಆಸ್ಪತ್ರೆಯವರು ಟಾರ್ಚಿನಂಥ ಒಂದು ಸಣ್ಣ ಯಂತ್ರ ಕೊಡಿಸಿದರು. ಅದನ್ನು ಕುತ್ತಿಗೆಗೆ ಒತ್ತಿ ಹಿಡಿದು ಗುಂಡಿ ಅದುಮಿ ತುಟಿ ಆಡಿಸಿದರೆ ಮಾತು ಬರುತ್ತಿತ್ತು. ಏರಿಲ್ಲ, ಇಳಿವಿಲ್ಲ, ಪಕ್ಕದ ಮನೆಯ ಮಿಕ್ಸರು ತಿರುಗಿದಂಥ ಒಂದೇ ಗುಂಯ್ ಸದ್ದಿನೊಳಗೆ ಶಬ್ದಗಳು ತೇಲಿ ಬರುತ್ತಿದ್ದವು. ಮನೆಗೆ ಬಂದ ದಿನ ಅವರು ಮೊದಲು ಅಂದದ್ದು "ನೀಲಾ" ಎಂದೇ. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು. ಅವರು ಆಕೆಯ ಮುಖ ನೋಡಿ ಯಂತ್ರ ಕೆಳಗಿಟ್ಟು, ಪಾಟಿಯ ಮೇಲೆ ಬರೆದು ತೋರಿಸಿದರು: ನೀ ಈಗ ದುಂಬಿಯ ಹೆಂಡತಿ ಆದಿ. ನೀಲಾಬಾಯಿಗೆ ನಗು ಬರಲಿಲ್ಲ.

ಅಂದಿನಿಂದ ಅವರು ಕೇಳುವ ಮೊದಲೇ ನೀರು ತಂದಿಡುತ್ತಿದ್ದಳು, ಹೊದಿಕೆ ಹೊದಿಸುತ್ತಿದ್ದಳು, ಫ್ಯಾನು ಹಾಕುತ್ತಿದ್ದಳು. ಬಂದವರು, ಎಂಥ ಸೇವೆ, ಬಾಯಿ ತೆರೆಯುವ ಮೊದಲೇ ತಿಳಿದುಕೊಳ್ಳುತ್ತಾಳೆ ಎಂದು ಹೊಗಳಿದರು. ಅವರ ಕೈ ಯಂತ್ರದ ಕಡೆ ಹೋಗಬಾರದೆಂದೇ ಆಕೆ ಓಡಾಡುತ್ತಿದ್ದಳೆಂಬುದು ಆಕೆಗೂ ದೇವರಿಗೂ ಗೊತ್ತು. ಬಹುಶಃ ರಾಯರಿಗೂ ಗೊತ್ತಿತ್ತು. ಬರುಬರುತ್ತ ಅವರು ಪಾಟಿಯಲ್ಲೇ ಹೆಚ್ಚು ಬರೆದರು.

ಹಿಡಿದಿಟ್ಟ ಧ್ವನಿಯನ್ನು ಅವರು ಇರುವಷ್ಟು ದಿನ ಯಾರೂ ಹಚ್ಚಲಿಲ್ಲ. ಅವರ ಎದುರಿಗೆ ಅದನ್ನು ಹಚ್ಚುವುದು ಹೇಗೆ? ಒಂದು ಭಾನುವಾರ ಮಾತ್ರ ಅವರು ಮಗಳಿಗೆ ಬರೆದು ತೋರಿಸಿದರು: ಇನ್ನೊಂದು ಕಾಪಿ ಮಾಡಿ ನಿನ್ನ ಹತ್ರ ಇಟ್ಟುಕೋ. "ಮುಂದಿನ ವಾರ ಮಾಡ್ತೀನಪ್ಪಾ, ಇವತ್ತು ಲ್ಯಾಪ್‌ಟಾಪ್ ತಂದಿಲ್ಲ" ಎಂದಳು ಚಿನ್ಮಯಿ. ಮುಂದಿನ ವಾರಗಳು ಹಾಗೇ ಬಂದು ಹೋದವು.

ಮಳೆಗಾಲದಲ್ಲಿ ರೋಗ ಮತ್ತೆ ತಿರುಗಿಕೊಂಡಿತು. ರಾಯರು ಹೋದರು. ಬಾಗಲಕೋಟೆಯಿಂದ ಮೈದುನ ಬಂದು ಕರ್ಮ ಮಾಡಿದರು. ಸೂತಕ ಕಳೆಯುವವರೆಗೆ ದೇವರ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ರೂಟರಿನ ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಶುದ್ಧಿಯ ದಿನ ಆಚಾರ್ಯರು ಬಂದು, ಪುಣ್ಯಾಹದ ನೀರನ್ನು ಮಾವಿನೆಲೆಯಿಂದ ಮನೆಯೆಲ್ಲ ಪ್ರೋಕ್ಷಿಸಿದರು. ಅವರು ಹೋದ ಮೇಲೆ ಕಲಶದಲ್ಲಿ ನೀರು ಉಳಿದಿತ್ತು. ಇಷ್ಟು ದಿನ ಮುಚ್ಚಿದ್ದ ಕೋಣೆ, ಒಂದು ಮೂಲೆಯೂ ಬಿಟ್ಟುಹೋಗಬಾರದೆಂದು ನೀಲಾಬಾಯಿ ಆ ನೀರನ್ನು ತಾನೇ ಒಯ್ದು ಗೋಡೆಗೆ, ಮಂಟಪದ ಹಿಂದೆ, ಗೂಡಿನ ಕೆಳಹಲಗೆಗೆ ಕೈತುಂಬ ಚೆಲ್ಲಿದಳು. ಮೇಲಿನ ಹಲಗೆಗೆ ಕೈ ಎಟುಕಲಿಲ್ಲ. ಆಮೇಲೆ ದೀಪ ಹಚ್ಚಿ ಬಹಳ ಹೊತ್ತು ಕುಳಿತಿದ್ದಳು. ಮನೆ ಶುದ್ಧವಾಯಿತೆಂದು ಮನಸ್ಸಿಗೆ ಸ್ವಲ್ಪ ತಂಪಾಯಿತು.

ಧ್ವನಿ ಕೇಳಲು ಆಕೆ ಅವಸರ ಮಾಡಲಿಲ್ಲ. ಅದು ಅಲ್ಲೇ ಇದೆ, ಮನಸ್ಸು ಗಟ್ಟಿಯಾದಾಗ ಕೇಳಿದರಾಯಿತು ಎಂದುಕೊಂಡಳು.

ಚಳಿ ಹಿಡಿದ ಒಂದು ಬೆಳಿಗ್ಗೆ ಕುಕ್ಕರ್ ಕೂಗಿತು. 'ನೀಲಾ, ಕುಕ್ಕರ್ ಆರಿಸು' ಎಂಬ ಮಾತು ತಾನಾಗಿ ಕಿವಿಯೊಳಗೆ ಬಂತು. ಬಂದದ್ದು ಗುಂಯ್ ಎಂಬ ಧ್ವನಿಯಲ್ಲಿ.

ನೀಲಾಬಾಯಿ ಒಲೆ ಆರಿಸಿ ನಿಂತಳು. ಆ ಮಾತನ್ನು ಅವರು ಯಂತ್ರದಲ್ಲಿ ಆಡಿದ್ದಲ್ಲ, ಸ್ವಂತ ಗಂಟಲಿನಲ್ಲಿ ಆಡಿದ್ದು. ಬೇರೆ ಮಾತು ನೆನೆಸಿಕೊಂಡಳು. ಟವೆಲ್ಲು ಎಂದು ಕೂಗಿದ್ದು. ಮಗಳು ಹುಟ್ಟಿದಾಗ ಆಸ್ಪತ್ರೆಯ ಬಾಗಿಲಲ್ಲಿ ನಕ್ಕದ್ದು. ಒಂದೊಂದೂ ಗುಂಯ್ ಎಂದೇ ಬಂತು. ಆ ಯಂತ್ರ ಹಿಂದಿನ ವರ್ಷಗಳಿಗೂ ಹೊಕ್ಕು ಅವರ ಧ್ವನಿಯನ್ನು ತಿಂದುಬಿಟ್ಟಿತ್ತು. ಆಕೆ ಕೈ ಒರೆಸಿಕೊಂಡು ಪಡಸಾಲೆಗೆ ಬಂದು ಟಿವಿ ಹಚ್ಚಿದಳು. ಮೂಲೆಯಲ್ಲಿ 'ಮನೆ' ಎಂಬ ಹೆಸರು ಇರಲಿಲ್ಲ.

ಭಾನುವಾರ ಚಿನ್ಮಯಿ ಲ್ಯಾಪ್‌ಟಾಪ್ ತಂದಳು.

"ನಾ ಆಫೀಸಿನ್ಯಾಗ ಪಗಾರದ ಲೆಕ್ಕ ಮಾಡೋಕಿ, ಅಮ್ಮ. ಇದೆಲ್ಲ ಅಪ್ಪಂದು ಕೆಲಸ" ಎನ್ನುತ್ತಲೇ ಕುಳಿತಳು. ರೂಟರಿನ ವಿಳಾಸ ಹೊಡೆದಳು. ದಾರಿ ಸಿಗುತ್ತಿಲ್ಲ ಎಂದು ಉತ್ತರ ಬಂತು. ರೂಟರನ್ನು ಆರಿಸಿ ಹಚ್ಚಿದಳು. ಹೊಸ ಕಂಪ್ಯೂಟರುಗಳು ಹಳೆಯ ರೀತಿಯ ಫೈಲ್ ಹಂಚಿಕೆಯನ್ನು ಮುಚ್ಚಿಬಿಟ್ಟಿರುತ್ತವೆಂದು ಎಲ್ಲೋ ಓದಿ, ಅದನ್ನೂ ತೆರೆದಳು. ಉತ್ತರ ಅದೇ. ಕೊನೆಗೆ ರೂಟರಿನ ಒಳಪುಟ ತೆರೆದು ನೋಡಿದರೆ, ಡಿಸ್ಕ್ ಇರಬೇಕಾದ ಜಾಗದಲ್ಲಿ 'ಏನೂ ಜೋಡಿಸಿಲ್ಲ' ಎಂದು ಬರೆದಿತ್ತು.

"ಜೋಡಿಸೇ ಅದಲ್ಲ, ಕಣ್ಣಿಗೆ ಕಾಣಸ್ತದ" ಎಂದಳು ನೀಲಾಬಾಯಿ.

"ನಮ್ಮ ಕಣ್ಣಿಗೆ ಕಾಣಸ್ತದ, ಅದಕ್ಕ ಕಾಣಸವಲ್ತು." ಚಿನ್ಮಯಿ ಕೇಬಲ್ಲನ್ನು ಕಿತ್ತು ಮತ್ತೆ ಸಿಕ್ಕಿಸಿದಳು. ಡಿಸ್ಕಿನೊಳಗಿಂದ ಉಗುರಿನಿಂದ ಬಡಿದಂತೆ ಟಕ್ ಟಕ್ ಎಂದು ಸದ್ದು ಬಂದು ನಿಂತಿತು. ಮತ್ತೆ ಕಿತ್ತಳು, ಮತ್ತೆ ಸಿಕ್ಕಿಸಿದಳು.

"ಈಗೇನು ಅವಸರ ಅಮ್ಮ? ನನಗ ಅದನ್ನ ಕೇಳೋ ಧೈರ್ಯ ಇನ್ನೂ ಇಲ್ಲ. ನಿನಗ ಅದ ಏನು?"

ಧ್ವನಿ ಮರೆತುಹೋಗಿದೆ ಎಂದು ಮಗಳಿಗೆ ಹೇಳಲು ನೀಲಾಬಾಯಿಗೆ ನಾಲಗೆ ಏಳಲಿಲ್ಲ. ಹೆಂಡತಿಯಾದವಳು ಅದನ್ನು ಹೇಗೆ ಹೇಳುವುದು? "ಮಾಸಿಕ ಶ್ರಾದ್ಧದ ದಿನಕ್ಕ ಇರಲಿ ಅಂತ" ಎಂದಷ್ಟೇ ಅಂದಳು.

ಮಾರನೆಯ ದಿನ ಚಂದ್ರಾಮನಿಗೆ ಫೋನು ಹೋಯಿತು. ಆ ಭಾಗದ ಮನೆಗಳಿಗೆ ಇಂಟರ್ನೆಟ್ ಕೇಬಲ್ ಎಳೆಯುವವನು ಅವನೇ. ಸಿಂದಗಿಯ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಈ ಊರಿಗೆ ಬಂದು, ಇಟ್ಟಿಗೆ ಬಿಟ್ಟು ಕಂಬ ಹತ್ತಿದವನು. ಈಗ ನಡುವಯಸ್ಸು. ರಾಯರು ಕಂಡರೆ ಕನ್ನಡದಲ್ಲಿ ಕೂಗಿ ಕರೆದು ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ಚಿನ್ಮಯಿಯೂ ಅಂದು ರಜೆ ಹಾಕಿ ಉಳಿದಿದ್ದಳು.

ಚಂದ್ರಾಮ ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ದೇವರ ಕೋಣೆಯ ಹೊಸ್ತಿಲ ಹೊರಗೇ ನಿಂತ. "ಒಳಗ ಬರ್ಲೇನ್ರಿ, ಅಮ್ಮಾರ?"

"ಬಾರಪ್ಪ. ನೀನ ಅಲ್ಲೇನು ಮೊದಲ ದಿನ ಡಬ್ಬಿ ಕೂಡಿಸಿದಾಂವ?"

"ಅವತ್ತು ಸಾಹೇಬ್ರು ನನಗ ಹೇಳಿದ್ರು ನೋಡ್ರಿ, ಚಂದ್ರಾಮ, ಇಲ್ಲಿ ಇಟ್ರ ಸಿಗ್ನಲ್ ಹೋದಾಗ ನಿನಗ ಫೋನ್ ಮಾಡಾಂಗಿಲ್ಲ, ಸೀದಾ ದೇವರಿಗೇ ಕೇಳ್ತೀನಿ ಅಂತ." ನಕ್ಕು, ಕೂಡಲೇ ನಗು ನುಂಗಿಕೊಂಡ.

ಅವನು ಡಿಸ್ಕಿನ ಕೇಬಲ್ ಬಿಚ್ಚಿ, ಅದೇ ತೂತಿಗೆ ತನ್ನ ಜೇಬಿನ ಪೆನ್ ಡ್ರೈವ್ ಚುಚ್ಚಿದ. ಪಡಸಾಲೆಯ ಟಿವಿ ತಟಕ್ಕನೆ ಎಚ್ಚರವಾಯಿತು. ಕನ್ನಡಕ ಹಾಕಿಕೊಂಡ ಹೆಂಗಸೊಬ್ಬಳು ಎಮ್ಮೆಯ ಪಕ್ಕ ನಿಂತು ಟಿವಿಯ ತುಂಬ ನಕ್ಕಳು.

"ಯಾರಿದು ಚಂದ್ರಾಮ?" ಎಂದು ಚಿನ್ಮಯಿ ಕೇಳಿದಳು.

"ನಮ್ಮಾಕಿ ರೀ, ದಾನೇಶ್ವರಿ. ಎಮ್ಮಿ ಆಕಿ ತವರುಮನೀದು. ನನ್ನ ಕೂಡ ಇಷ್ಟು ನಕ್ಕ ಫೋಟೋ ಒಂದೂ ಇಲ್ರಿ, ಅಕ್ಕಾರ."

ನೀಲಾಬಾಯಿಗೂ ನಗು ಬಂತು. ಹೆಂಗಸು ಟಿವಿಯಲ್ಲಿ ಕಂಡಳೆಂದರೆ ದಾರಿ ಸರಿಯಿದೆ, ಇನ್ನು ಅವರೂ ಸಿಗುತ್ತಾರೆ ಎಂದು ಆಕೆಗೆ ಅನ್ನಿಸಿತು. ಚಂದ್ರಾಮ ಮಾತ್ರ ನಗಲಿಲ್ಲ. ಟಿವಿಯ ಕಡೆ, ರೂಟರಿನ ಕಡೆ ನೋಡಿ ತಲೆ ಕೆರೆದುಕೊಂಡ.

"ದಾರಿ ಚಲೋ ಐತ್ರಿ, ಅಮ್ಮಾರ. ರೂಟರ್ ಚಲೋ ಐತಿ, ಟಿವಿ ಚಲೋ ಐತಿ. ಡಿಸ್ಕಿಗ ಏನೋ ಆಗೇತ್ರಿ."

ಅವನು ಡಿಸ್ಕನ್ನು ಎತ್ತಿದ. ಕೆಳಗಿದ್ದ ಖಣವೂ ಅಂಟಿಕೊಂಡು ಜೊತೆಗೇ ಎದ್ದು ಬಂತು. ಮೆಲ್ಲಗೆ ಬಿಡಿಸಿದ. ಚರ್ರೆಂದು ಸದ್ದಾಯಿತು. ಖಣದ ಹಸಿರು ಬಣ್ಣ ಬಿಟ್ಟು ಡಿಸ್ಕಿನ ತಳಕ್ಕೆ ಹತ್ತಿತ್ತು. ಸುತ್ತ ಬಿಳಿಯ ಉಪ್ಪಿನಂಥ ಗೆರೆ, ನೀರು ನಿಂತು ಆರಿದ ಗೆರೆ. ಕೇಬಲ್ ಸಿಕ್ಕಿಸುವ ಬಾಯಿಯಲ್ಲಿ ಕಿಲುಬು. ತಳದಲ್ಲಿದ್ದ ಸಣ್ಣ ಸಂದುಗಳ ಹತ್ತಿರ ಮಾವಿನೆಲೆಯ ಒಣಚೂರೊಂದು ಮೆತ್ತಿಕೊಂಡಿತ್ತು.

ಚಂದ್ರಾಮ ಅದನ್ನು ಉಗುರಿನಿಂದ ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡ. ಒಮ್ಮೆ ಗೂಡಿನ ಹಲಗೆಯನ್ನು ನೋಡಿದ. ನೀಲಾಬಾಯಿಯನ್ನು ನೋಡಲಿಲ್ಲ.

"ಹಳೇದಾಗಿತ್ರಿ. ಇವು ತಮ್ಮಷ್ಟಕ್ಕ ತಾವು ಕೆಡ್ತಾವು. ಯಾರೂ ಏನೂ ಮಾಡಾಕ ಬರಾಂಗಿಲ್ರಿ" ಎಂದ.

ಖಣವನ್ನು ನಾಲ್ಕು ಮಡಿಕೆ ಮಾಡಿ, ಕಲೆ ಒಳಗೆ ಹೋಗುವಂತೆ ಹಲಗೆಯ ಮೇಲಿಟ್ಟ. ಕೆಟ್ಟ ಡಿಸ್ಕ್ ಬಿಚ್ಚಿ ಒಳಗಿದ್ದದ್ದನ್ನು ತೆಗೆದುಕೊಡುವ ಅಂಗಡಿಗಳಿವೆ, ಒಮ್ಮೆ ಅಲ್ಲಿ ತೋರಿಸಿರಿ ಎಂದು ಚಿನ್ಮಯಿಗೆ ಹೇಳಿದ. ಚಹಾ ಕುಡಿಯದೆ ಹೊರಟುಹೋದ.

ನೀಲಾಬಾಯಿ ಎಲ್ಲವನ್ನೂ ನೋಡಿದ್ದಳು. ಅಂಗೈ ಮುಚ್ಚಿದ್ದನ್ನೂ ನೋಡಿದ್ದಳು.

ಚಿನ್ಮಯಿ ಡಿಸ್ಕನ್ನು ಅಂಥದೊಂದು ಅಂಗಡಿಗೆ ಕೊಟ್ಟಳು. ಅವರು ನೋಡಿ ಹೇಳುತ್ತೇವೆ ಎಂದರು. ಆ ದಿನಗಳಲ್ಲಿ ನೀಲಾಬಾಯಿ ಬೆಳಿಗ್ಗೆ ದೀಪ ಹಚ್ಚಿ ಕೈ ಮುಗಿದರೆ ಏನು ಬೇಡಬೇಕೆಂದು ತಿಳಿಯುತ್ತಿರಲಿಲ್ಲ. ನಿನ್ನ ಕೋಣೆ ಶುದ್ಧವಾಗಲಿ ಎಂದು ಚೆಲ್ಲಿದ ನೀರು, ನಿನ್ನ ಗೂಡಿನಲ್ಲಿ ಬರೀ ಹಲಗೆಯ ಮೇಲೆ ಇರಬಾರದೆಂದು ಹಾಸಿದ ಬಟ್ಟೆ. ಡಿಸ್ಕ್ ಬರೀ ಹಲಗೆಯ ಮೇಲೇ ಇದ್ದಿದ್ದರೆ ನೀರು ಹರಿದು ಕೆಳಗೆ ಬೀಳುತ್ತಿತ್ತು. ಖಣ ಹೀರಿಕೊಂಡು ದಿನಗಟ್ಟಲೆ ಅದರ ಹೊಟ್ಟೆಗೆ ಹಿಡಿದುಕೊಂಡು ಕುಳಿತಿತು. ದೇವರನ್ನು ಕೇಳಲು ಏನೂ ಇರಲಿಲ್ಲ. ಆತನೇನೂ ನೀರು ಕೇಳಿರಲಿಲ್ಲ.

ಒಂದು ಸಂಜೆ ಚಿನ್ಮಯಿ ಕೆಲಸ ಮುಗಿಸಿ ಸೀದಾ ಅಂಗಡಿಗೆ ಹೋಗಿ, ಅಲ್ಲಿಂದ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲವನ್ನು ಮೇಜಿನ ಮೇಲಿಟ್ಟು ನೀರು ಕುಡಿದಳು.

"ಆಗಲಿಲ್ಲ ಅಮ್ಮ. ಒಳಗಿನ ಬಿಲ್ಲೆ ಪೂರಾ ಗೀಚಿ ಹೋಗ್ಯಾವಂತ. ಹಳೇದಾಗಿತ್ತಂತ."

"ನೀರು ಹೋಗ್ಯದ ಅಂತ ಹೇಳಲಿಲ್ಲೇನು?"

ಚಿನ್ಮಯಿ ಲೋಟ ಹಿಡಿದುಕೊಂಡೇ ನಿಂತಳು. "ಯಾರ ಹೇಳಿದ್ರು ನಿನಗ?"

"ಯಾರೂ ಹೇಳಲಿಲ್ಲ. ಚಂದ್ರಾಮನೂ ಹೇಳಲಿಲ್ಲ, ನೀನೂ ಹೇಳಲಿಲ್ಲ. ಶುದ್ಧಿ ದಿನ ನಾನ ಸುರಿದೆ, ಈ ಕೈಲೆ."

"ನೀರು ಬಿದ್ದ ಮ್ಯಾಲೂ ಉಳೀತಿತ್ತಂತ. ಕಿತ್ತು ಕಿತ್ತು ಹಾಕಿದ್ದಕ್ಕ ಗೀಚಿದ್ದಂತ. ಅದನ್ನ ಮಾಡಿದಾಕಿ ನಾನು." ಚಿನ್ಮಯಿ ಅಡುಗೆಮನೆಯ ಬಾಗಿಲಲ್ಲೇ ಕುಳಿತಳು. "ಅಪ್ಪ ಒಂದ ಮಾತು ಕೇಳಿದ್ರು. ಒಂದು ಕಾಪಿ. ಅರ್ಧ ತಾಸಿನ ಕೆಲಸ. ಅವ್ರು ಇನ್ನೂ ಇರ್ತಾರ ಅಂತ ತಿಳಕೊಂಡಿದ್ದೆ, ಅಮ್ಮ. ಕಾಪಿ ಮಾಡಿದ್ರ ಹೋಗ್ತಾರ ಅಂತ ಒಪ್ಪಿಕೊಂಡಂಗ ಆಗ್ತಿತ್ತು."

ನೀಲಾಬಾಯಿ ಮಗಳ ಪಕ್ಕ ಕುಳಿತಳು. ನಿನ್ನ ತಪ್ಪಲ್ಲ ಎನ್ನಬೇಕೆಂದು ಬಾಯಿಗೆ ಬಂತು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿದ್ದುದರಿಂದ ಅನ್ನಲಿಲ್ಲ. ಬದಲಿಗೆ ಕೇಳಿದಳು:

"ಅವರು ನಿನ್ನ ಹೆಂಗ ಕರೀತಿದ್ರು? ಆಪರೇಷನ್ನಿನ ಮೊದಲ. ನಿನಗ ನೆನಪದ ಏನು?"

"ಅದ."

"ಅಂದು ತೋರಸು."

ಚಿನ್ಮಯಿ ಕಣ್ಣು ಒರೆಸಿಕೊಂಡು ಗಂಟಲು ದಪ್ಪ ಮಾಡಿ, "ಚಿನ್ನೂ, ಬಾ ಇಲ್ಲೆ" ಎಂದಳು. ಮಗಳ ಧ್ವನಿಯೇ ಬಂತು, ಸ್ವಲ್ಪ ಒಡೆದು. ಇನ್ನೊಮ್ಮೆ ಅಂದಳು. ಅದೂ ಮಗಳದೇ.

"ನನಗ ತಲ್ಯಾಗ ಕೇಳಸ್ತದ, ಅಮ್ಮ. ಹೊರಗ ತರಲಿಕ್ಕೆ ಬರವಲ್ದು."

"ನಿನಗರ ಕೇಳಸ್ತದ, ಇರಲಿ" ಎಂದಳು ನೀಲಾಬಾಯಿ. ತನಗೆ ಕೇಳಿಸುವುದು ಏನೆಂದು ಆಗ ಮಗಳಿಗೆ ಹೇಳಿದಳು. ಚಿನ್ಮಯಿ ತಾಯಿಯ ಕೈ ಹಿಡಿದುಕೊಂಡಳು.

ಮಗಳು ಹೋದ ಮೇಲೆ ನೀಲಾಬಾಯಿ ಖಣವನ್ನು ತೆಗೆದು ತುಳಸಿಯ ಕುಂಡದ ಬುಡದಲ್ಲಿ ಹೂತಳು. ಗೂಡಿನ ಕೆಳಹಲಗೆ ಬರಿದಾಗಿತ್ತು. ಒಣ ಬಟ್ಟೆಯಿಂದ ಅದನ್ನು ಒರೆಸಿದಳು.

ಕುತ್ತಿಗೆಗೆ ಹಿಡಿಯುವ ಆ ಯಂತ್ರವನ್ನು ಆಕೆ ಬಟ್ಟೆಯ ಕಪಾಟಿನ ತಳದಲ್ಲಿ, ಹಳೆಯ ಪಂಚೆಗಳ ಕೆಳಗೆ ತುರುಕಿದ್ದಳು. ಯಾರಿಗಾದರೂ ಕೊಟ್ಟುಬಿಡಿ ಎಂದು ಆಸ್ಪತ್ರೆಯವರು ಹೇಳಿದ್ದರು, ಕೊಡಲು ಮರೆತಿದ್ದಳು. ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅದನ್ನು ಹೊರತೆಗೆದು ಚಾರ್ಜಿಗೆ ಹಾಕಿದಳು. ಆಮೇಲೆ ಕೈಯಲ್ಲಿ ಹಿಡಿದು ಗುಂಡಿ ಅದುಮಿದಳು.

ಗುಂಯ್ ಎಂದಿತು. ಮಾತಿಲ್ಲ, ತುಟಿಯಿಲ್ಲ, ಬರೀ ಸದ್ದು.

ಬಿಡಲಿಲ್ಲ, ಅದುಮಿಕೊಂಡೇ ಕುಳಿತಳು. ಆ ಸದ್ದಿನಲ್ಲಿ ಅವರು ಆಡಿದ್ದ ಮಾತುಗಳು ಒಂದೊಂದಾಗಿ ಬಂದವು. ನೀಲಾ, ಉಂಡ್ಯಾ. ನೀಲಾ, ಕಾಲು ನೋಯ್ತಾವೇನು, ಕೂಡು ಸ್ವಲ್ಪ. ನೀಲಾ, ಇವತ್ತು ಏಕಾದಶಿ ಅಲ್ಲೇನು, ನನಗಾಗಿ ಅಡಿಗಿ ಮಾಡಬ್ಯಾಡ. ಅವರು ಹೇಳುತ್ತಿದ್ದಾಗ ಆಕೆ ಪಾತ್ರೆಯ ಸದ್ದು ಮಾಡಿದ್ದಳು, ನಲ್ಲಿ ಬಿಟ್ಟಿದ್ದಳು, ಕೇಳಲಿಲ್ಲವೆಂಬಂತೆ ಒಳಗೆ ಹೋಗಿದ್ದಳು. ಕೇಳುವುದೇ ಆಕೆಯ ಪಾಲಿನ ಕೆಲಸವಾಗಿದ್ದ ಮನೆಯಲ್ಲಿ, ಕಡೆಯ ತಿಂಗಳುಗಳ ಮಾತನ್ನು ಆಕೆ ಕೇಳಿಯೇ ಇರಲಿಲ್ಲ.

ಬ್ಯಾಟರಿ ಇಳಿದು ಸದ್ದು ಸಣ್ಣಗಾಗಿ ನಿಂತಿತು. ನೀಲಾಬಾಯಿ ಎದ್ದು ದೇವರ ಕೋಣೆಗೆ ಹೋಗಿ, ಯಂತ್ರವನ್ನು ಗೂಡಿನ ಕೆಳಹಲಗೆಯ ಮೇಲಿಟ್ಟಳು. ಕೆಳಗೆ ಏನೂ ಹಾಸಲಿಲ್ಲ.